ಪೇಟೆಯನ್ನು ಕಟ್ಟುವುದು, ಪೇಟೆಗೆ ಜೀವ ಬರುವುದು: ‘ಡೌನ್‌ಟೌನ್ ರಿವೈಟಲೈಸೇಶನ್’ಗೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಒಂದು ಅನುವಾದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಅಮೆರಿಕದಲ್ಲಿ 70–80 ಸಾವಿರ ಜನರಿರುವ ಊರುಗಳು ತಮ್ಮ ಹಾಳುಬಿದ್ದ ಡೌನ್‌ಟೌನನ್ನು (ಊರ ನಡುವಿನ ವ್ಯಾಪಾರದ ಜಾಗ) ಮತ್ತೆ ಎಬ್ಬಿಸಿ ನಿಲ್ಲಿಸಲು ಏನೇನು ಪಾಡುಪಟ್ಟವು ಅನ್ನುವ ಕಥೆ. ಮೂಲದಲ್ಲಿ ರೀಡೆವಲಪ್‌ಮೆಂಟ್ (ಮತ್ತೆ ಕಟ್ಟಿ ಬೆಳೆಸುವುದು), ರಿನ್ಯೂವಲ್ (ಹೊಸದಾಗಿಸುವುದು), ರಿವೈಟಲೈಸೇಶನ್ (ಮತ್ತೆ ಜೀವ ಬರುವುದು) ಅಂತ ಮೂರು ಪದ ಪದೇ ಪದೇ ಬರುತ್ತವೆ. ಮೊದಲ ಕರಡಿನಲ್ಲಿ ಸೋಮಾರಿತನದಿಂದ ಮೂರಕ್ಕೂ ‘ಪುನರಭಿವೃದ್ಧಿ’ ಅಂತಲೇ ಬರೆದುಕೊಂಡು ಹೋದೆ. ಮರುದಿನ ಓದಿದರೆ ಒಂದು ವಾಕ್ಯ ಹೀಗಿತ್ತು: “ಪುನರಭಿವೃದ್ಧಿ ಮುಗಿದರೂ ಪುನರಭಿವೃದ್ಧಿ ಆಗಲಿಲ್ಲ.” ಮೂಲದಲ್ಲಿ ಅದು ಒಳ್ಳೆಯ ಮಾತು. ನನ್ನ ಕೈಯಲ್ಲಿ ಹುಚ್ಚು ಮಾತಾಗಿತ್ತು.

ಮೊದಲು ಡೌನ್‌ಟೌನ್ ಪದವನ್ನೇ ನೋಡೋಣ. ಇದು ನ್ಯೂಯಾರ್ಕಿನಲ್ಲಿ ಹುಟ್ಟಿದ್ದು. ಮ್ಯಾನ್‌ಹಟನ್ ದ್ವೀಪದ ದಕ್ಷಿಣದ ತುದಿಯಲ್ಲಿ ಊರು ಶುರುವಾಯಿತು. ಎರಡೂ ಪಕ್ಕ ನೀರು, ಕೆಳಗೂ ನೀರು. ಬೆಳೆಯುವುದಿದ್ದರೆ ಉತ್ತರಕ್ಕೇ ಬೆಳೆಯಬೇಕು. ಮನೆಗಳು ಮೇಲಕ್ಕೆ ಸರಿದವು, ವ್ಯಾಪಾರ ಕೆಳತುದಿಯಲ್ಲೇ ಉಳಿಯಿತು. 1830ರ ದಶಕದ ಹೊತ್ತಿಗೆ ಆ ಕೆಳತುದಿಗೆ ಡೌನ್‌ಟೌನ್ ಅನ್ನುತ್ತಿದ್ದರು. ಬೇರೆ ಊರುಗಳು ಪದವನ್ನು ಎರವಲು ತಂದುಕೊಂಡಾಗ ‘ಕೆಳಗೆ’ ಅನ್ನುವ ಅರ್ಥ ಉದುರಿಹೋಯಿತು. ಅಂಗಡಿ, ಬ್ಯಾಂಕು, ಕಚೇರಿ ಒಂದೆಡೆ ಸೇರಿದ ಜಾಗ ಅನ್ನುವ ಅರ್ಥ ಮಾತ್ರ ಉಳಿಯಿತು. ಬ್ರಿಟನ್ನಿನವರು ಇದೇ ಜಾಗಕ್ಕೆ ಸಿಟಿ ಸೆಂಟರ್ ಅಥವಾ ಟೌನ್ ಸೆಂಟರ್ ಅನ್ನುತ್ತಾರೆ. ಹಾಗಾಗಿ ‘ಕೆಳಪೇಟೆ’ ಅಂತ ಪದಕ್ಕೆ ಪದ ಇಡುವುದು ಸುಮ್ನೆ ದಾರಿ ತಪ್ಪಿಸುವ ಕೆಲಸ.

‘ನಗರಕೇಂದ್ರ’ ತಪ್ಪಲ್ಲ. ಆದರೆ ಕಿವಿಗೆ ಯಾವುದೋ ಕಚೇರಿಯ ಬೋರ್ಡಿನ ಹಾಗೆ ಕೇಳಿಸುತ್ತದೆ: ಸೇವಾಕೇಂದ್ರ, ಮಾಹಿತಿಕೇಂದ್ರ, ನಗರಕೇಂದ್ರ. ‘ಹೃದಯಭಾಗ’ವನ್ನು ಸೈಟು ಮಾರುವವರು ಸವೆಸಿಬಿಟ್ಟಿದ್ದಾರೆ. ಅವರ ಲೆಕ್ಕದಲ್ಲಿ ಒಂದೊಂದು ಊರಿಗೂ ಹತ್ತು ಹೃದಯ. ‘ಪೇಟೆ’ಯೇ ನನಗೆ ಹತ್ತಿರ ಅನಿಸುತ್ತದೆ. ‘ಪೇಟೆಗೆ ಹೋಗಿ ಬರ್ತೀನಿ’ ಅಂದಾಗ ಕಣ್ಣ ಮುಂದೆ ಬರುವುದು ಕಟ್ಟಡವಲ್ಲ, ಜನ ಮತ್ತು ಕೊಡುಕೊಳ್ಳುವಿಕೆ. ತೊಡಕು ಏನೆಂದರೆ, ಹಳ್ಳಿಯವರ ಬಾಯಲ್ಲಿ ಇಡೀ ಊರೇ ಪೇಟೆ. ‘ಪೇಟೆ ಜನ’ ಅಂದರೆ ಡೌನ್‌ಟೌನಿನವರು ಅಂತ ಯಾರೂ ತಿಳಿಯುವುದಿಲ್ಲ. ‘ಹಳೇಪೇಟೆ’ ಅಂದರೆ ಮೊದಲೇ ಮುಪ್ಪು ಹೇರಿದಂತೆ. 1950ರಲ್ಲಿ ಅಲ್ಲಿಯವರಿಗೆ ಅದು ಹಳೆಯದಾಗಿರಲಿಲ್ಲ, ಇದ್ದದ್ದೇ ಅದೊಂದು. ಸದ್ಯಕ್ಕೆ ನಾನು ‘ನಡುಪೇಟೆ’ ಅಂತ ಬರೆಯುತ್ತಿದ್ದೇನೆ. ನಡುಮನೆ ಇದ್ದ ಹಾಗೆ ನಡುಪೇಟೆ. (‘ನಡುಬೀದಿ’ ಮಾತ್ರ ಬೇಡ. ಕನ್ನಡದಲ್ಲಿ ನಡುಬೀದಿಗೆ ಬಂದವರ ಗತಿ ಒಳ್ಳೆಯದಿರುವುದಿಲ್ಲ.)

ಈಗ ‘ಪುನರ್’ ಸಂಗತಿ. ಕಾಗುಣಿತದ ಒಂದು ಸಣ್ಣ ಮಾತು ಹೇಳಿ ಮುಂದೆ ಹೋಗುತ್ತೇನೆ. ‘ಪುನರಾಭಿವೃದ್ಧಿ’ ಅಂತ ಬರೆಯುವವರೇ ಜಾಸ್ತಿ. ಪುನರ್ ಮತ್ತು ಅಭಿವೃದ್ಧಿ ಸೇರಿದರೆ ‘ಪುನರಭಿವೃದ್ಧಿ’, ನಡುವೆ ದೀರ್ಘ ಬರಲು ಕಾರಣವಿಲ್ಲ. ಪುನರಾರಂಭ, ಪುನರಾವರ್ತನೆಗಳಲ್ಲಿ ದೀರ್ಘ ಇದೆ, ಯಾಕೆಂದರೆ ಅಲ್ಲಿ ಸೇರಿದ್ದೇ ಆರಂಭ, ಆವರ್ತನೆ. ಆ ರೂಢಿ ಇಲ್ಲಿಗೂ ನುಸುಳಿದೆ. ಹಾಗೆಯೇ ‘ಪುನಃಶ್ಚೇತನ’ದಲ್ಲಿ ವಿಸರ್ಗ ಬೇಡ, ಅದೇ ಶಕಾರವಾಗಿ ‘ಪುನಶ್ಚೇತನ’ದಲ್ಲಿ ಕೂತಿದೆ. ‘ಮರು’ ಹಚ್ಚಿ ಅಚ್ಚಕನ್ನಡ ಮಾಡೋಣ ಅನ್ನುವವರಿಗೆ ನನ್ನ ಅಡ್ಡಿಯಿಲ್ಲ. ಮರುಹುಟ್ಟು, ಮರುಜೀವ ಚೆನ್ನಾಗಿವೆ. ‘ಮರುಭೂಮಿ’ ಆಗದಿದ್ದರೆ ಸರಿ.

ಕಾಗುಣಿತಕ್ಕಿಂತ ನನ್ನನ್ನು ಕಾಡಿದ್ದು ವಿಭಕ್ತಿ. ಈ ಎರಡು ವಾಕ್ಯ ನೋಡಿ.

ನಡುಪೇಟೆಯನ್ನು ಪುನರಭಿವೃದ್ಧಿಪಡಿಸಿದರು.
ನಡುಪೇಟೆಗೆ ಮತ್ತೆ ಜೀವ ಬಂತು.

ಒಂದರಲ್ಲಿ ‘ಅನ್ನು’, ಇನ್ನೊಂದರಲ್ಲಿ ‘ಗೆ’. ಮೊದಲನೆಯದರಲ್ಲಿ ಮಾಡಿದವರು ಯಾರೋ ಇದ್ದಾರೆ, ಪೇಟೆ ಅವರ ಕೈಯಲ್ಲಿನ ವಸ್ತು. ಎರಡನೆಯದರಲ್ಲಿ ಜೀವ ತಾನಾಗಿ ಬಂದಿದೆ, ಪೇಟೆ ಅದನ್ನು ಪಡೆದಿದೆ. ನಿದ್ದೆ ಬಂತು, ಸಿಟ್ಟು ಬಂತು, ಮಳೆ ಬಂತು ಅನ್ನುವ ಸಾಲಿನದು ಇದು. ‘ಜೀವ ಬರಿಸಿದರು’ ಅನ್ನುವುದಕ್ಕೆ ನಾಲಿಗೆ ಒಪ್ಪುವುದಿಲ್ಲ, ‘ಜೀವ ತುಂಬಿದರು’ ಅನ್ನಬಹುದು. ಅಲ್ಲೂ ‘ಪೇಟೆಗೆ’ ಅನ್ನಬೇಕು, ‘ಪೇಟೆಯನ್ನು’ ಅನ್ನುವ ಹಾಗಿಲ್ಲ. ಇಂಗ್ಲಿಷಿನ ನಾಮಪದಗಳು ಈ ವ್ಯತ್ಯಾಸವನ್ನು ಮುಚ್ಚಿಡುತ್ತವೆ, ಕನ್ನಡ ಮುಚ್ಚಿಡಲು ಬಿಡುವುದಿಲ್ಲ. ಮೂರು ಪದಗಳ ಚರಿತ್ರೆ ನೋಡಿದರೆ ಈ ‘ಅನ್ನು–ಗೆ’ ಲೆಕ್ಕ ಅಚ್ಚರಿ ಅನಿಸುವಷ್ಟು ಸರಿಹೊಂದುತ್ತದೆ.

1949ರ ಅಮೆರಿಕದ ವಸತಿ ಕಾಯಿದೆಯಲ್ಲಿ ಇದ್ದ ಪದ ರೀಡೆವಲಪ್‌ಮೆಂಟ್. ಕೊಳೆಗೇರಿ ಅಂತ ಗುರುತು ಹಾಕಿದ ಜಾಗವನ್ನು ಸರಕಾರ ಕೊಂಡು, ಕೆಡವಿ, ಬಿಲ್ಡರುಗಳಿಗೆ ಕೊಡುವ ಏರ್ಪಾಡು ಅದು. 1954ರ ತಿದ್ದುಪಡಿಯಲ್ಲಿ ಪದ ಬದಲಾಗಿ ‘ಅರ್ಬನ್ ರಿನ್ಯೂವಲ್’ ಬಂತು. ಬುಲ್ಡೋಜರ್ ಮಾತ್ರ ಅದೇ ಇತ್ತು. ಕಪ್ಪು ಜನರ ಕೇರಿಗಳೇ ಹೆಚ್ಚಾಗಿ ಕೆಳಗುರುಳಿದವು. 1963ರಲ್ಲಿ ಟಿವಿ ಸಂದರ್ಶನವೊಂದರಲ್ಲಿ ಕಪ್ಪು ಲೇಖಕ ಜೇಮ್ಸ್ ಬಾಲ್ಡ್ವಿನ್ ಈ ಪದವನ್ನೇ ತಿರುಚಿ, ರಿನ್ಯೂವಲ್ ಅಂದರೆ ನೀಗ್ರೋಗಳ ರಿಮೂವಲ್ (ತೆಗೆದುಹಾಕುವುದು) ಅಂತ ಹೇಳಿದ್ದರು. ಇಂಗ್ಲಿಷಿನ ಆ ಪ್ರಾಸವನ್ನು ಕನ್ನಡಕ್ಕೆ ತರಲು ಎರಡು ದಿನ ಒದ್ದಾಡಿದೆ. ಕೊನೆಗೆ ‘ಎಬ್ಬಿಸು’ ಕೈ ಹಿಡಿಯಿತು: “ಕಟ್ಟಡ ಎಬ್ಬಿಸುತ್ತೇವೆ ಅಂದವರು ಒಕ್ಕಲೆಬ್ಬಿಸಿದರು.” ಇದಕ್ಕಿಂತ ಒಳ್ಳೆಯದು ನಿಮಗೆ ಹೊಳೆದರೆ ಹೇಳಿ, ಆದರೆ ಇದರ ಮೇಲೆ ನನಗೆ ಕೊಂಚ ಮೋಹ ಹುಟ್ಟಿದೆ. ಅಂತೂ ಈ ಕಾಲದ ಎರಡೂ ಪದಗಳು ‘ಅನ್ನು’ ಜಾತಿಯವು.

ಇನ್ನು ನನ್ನ ಹುಚ್ಚು ವಾಕ್ಯ ಬಂದ ಜಾಗ. ಮಿಶಿಗನ್ ರಾಜ್ಯದ ಕ್ಯಾಲಮಜೂ ಅನ್ನುವ ಊರು 1959ರಲ್ಲಿ ತನ್ನ ಬರ್ಡಿಕ್ ರಸ್ತೆಯ ಒಂದು ಭಾಗದಲ್ಲಿ ಕಾರಿನ ಓಡಾಟ ನಿಲ್ಲಿಸಿ, ನಡೆಯುವವರಿಗೆ ಬಿಟ್ಟಿತು. ಅಮೆರಿಕದಲ್ಲಿ ಅದೇ ಮೊದಲು ಅನ್ನುತ್ತಾರೆ. ಯೋಜನೆ ಹಾಕಿಕೊಟ್ಟವರು ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್. ತಮಾಷೆ ಏನೆಂದರೆ, ಮಿನಿಯಾಪೊಲಿಸ್ ಪಕ್ಕದಲ್ಲಿ 1956ರಲ್ಲಿ ತೆರೆದ ಸೌತ್‌ಡೇಲ್ ಮಾಲ್ ಕೂಡ ಇವರದೇ. ಸುತ್ತ ಗೋಡೆ, ಮೇಲೆ ಸೂರು, ಒಳಗೆ ವರ್ಷವಿಡೀ ಒಂದೇ ಹವೆ. ನಡುಪೇಟೆಯ ಗಿರಾಕಿಗಳನ್ನು ಊರಾಚೆ ಎಳೆದೊಯ್ದದ್ದು ಇಂಥ ಮಾಲುಗಳೇ. ರೋಗ ಮತ್ತು ಮದ್ದು ಒಂದೇ ಅಂಗಡಿಯಿಂದ ಬಂದ ಹಾಗಾಯಿತು, ಅಲ್ವಾ? ಕ್ಯಾಲಮಜೂ ನೋಡಿ ಬೇರೆ ಊರುಗಳೂ ರಸ್ತೆ ಮುಚ್ಚಿ ಬೆಂಚು, ಗಿಡ, ಕಾರಂಜಿ ಇಟ್ಟವು. ಹೆಚ್ಚಿನವು ಆಮೇಲೆ ಮತ್ತೆ ಕಾರಿಗೆ ಬಿಟ್ಟುಕೊಟ್ಟವು. ಕ್ಯಾಲಮಜೂವೇ 1998ರಲ್ಲಿ ಒಂದಿಷ್ಟು ಭಾಗವನ್ನು ಕಾರಿಗೆ ತೆರೆಯಿತು. ಈಗ ಆ ವಾಕ್ಯವನ್ನು ಹೀಗೆ ತಿದ್ದಿದ್ದೇನೆ: “ರಸ್ತೆಯನ್ನು ಹೊಸದಾಗಿ ಕಟ್ಟಿದರು, ರಸ್ತೆಗೆ ಜೀವ ಬರಲಿಲ್ಲ.”

ಇದಕ್ಕೆ ಎದುರಾಗಿ ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್ ಬರುತ್ತದೆ. ಅದೂ ಸುಮಾರು 70 ಸಾವಿರ ಜನರ ಊರು. ಅವರು ರಸ್ತೆ ಮುಚ್ಚಲಿಲ್ಲ, ತೆಳ್ಳಗೆ ಮಾಡಿದರು. 1970ರ ದಶಕದ ಕೊನೆಯಲ್ಲಿ ಮುಖ್ಯರಸ್ತೆಯಲ್ಲಿ ವಾಹನ ಓಡುವ ನಾಲ್ಕು ಸಾಲನ್ನು ಎರಡಕ್ಕಿಳಿಸಿ, ಉಳಿದ ಜಾಗದಲ್ಲಿ ಮರ ನೆಟ್ಟು, ಅಗಲ ಕಾಲುದಾರಿ ಮಾಡಿದರು. ಮುಂದೆ ಊರ ನಡುವಿನ ಜಲಪಾತವನ್ನು ಮರೆಮಾಡಿದ್ದ ಕಾರಿನ ಸೇತುವೆಯನ್ನೂ ಕೆಡವಿ, 2004ರಲ್ಲಿ ಅಲ್ಲೊಂದು ಕಾಲುಸೇತುವೆ ತೆರೆದರು. ರಸ್ತೆ ತೆಳ್ಳಗಾದ ಕಾಲದ ಮೇಯರ್ ಮ್ಯಾಕ್ಸ್ ಹೆಲ್ಲರ್. ಹೆಲ್ಲರ್ ಮತ್ತು ಗ್ರುಯೆನ್ ಇಬ್ಬರೂ ವಿಯೆನ್ನಾದವರು, ಇಬ್ಬರೂ 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದವರು. ನಡೆದು ತಿರುಗುವ ಊರಿನ ನೆನಪು ಇಬ್ಬರಲ್ಲೂ ಇತ್ತೇನೋ. ಒಬ್ಬರದು ಕೈಗೂಡಿತು, ಇನ್ನೊಬ್ಬರದು ಅರ್ಧಕ್ಕೇ ನಿಂತಿತು. ಇರಲಿ, ಇದು ಪದಚರ್ಚೆ.

ಹಾಗಾದರೆ ‘ಗೆ’ ಜಾತಿಯ ರಿವೈಟಲೈಸೇಶನ್‌ಗೆ ಯಾವ ಪದ? ನನ್ನ ಬಳಿ ಇರುವುದನ್ನೆಲ್ಲ ಮುಂದಿಡುತ್ತೇನೆ. ‘ಕಾಯಕಲ್ಪ’ ಪತ್ರಿಕೆಗಳ ಮುದ್ದಿನ ಪದ. ಕೆರೆಗೆ ಕಾಯಕಲ್ಪ, ರಸ್ತೆಗೆ ಕಾಯಕಲ್ಪ, ಬಸ್ ನಿಲ್ದಾಣಕ್ಕೆ ಕಾಯಕಲ್ಪ. ವಿಭಕ್ತಿ ಸರಿಯಾಗಿದೆ. ಮುದಿ ದೇಹಕ್ಕೆ ಹರೆಯ ತರುವ ಚಿಕಿತ್ಸೆ ಅನ್ನುವ ಮೂಲ ಅರ್ಥವೂ ಹತ್ತಿರದ್ದೇ. ಆದರೆ ಈಗ ಅದರ ಅರ್ಥ ಡಾಂಬರು ಹಾಕುವ ಮಟ್ಟಕ್ಕೆ ಇಳಿದಿದೆ. ‘ಜೀರ್ಣೋದ್ಧಾರ’ಕ್ಕೆ ಗುಡಿಯ ವಾಸನೆ ಇದೆ, ನಿಜ. ಆದರೂ ಹಳೆಯದನ್ನು ಕೆಡವದೆ ಎತ್ತಿ ನಿಲ್ಲಿಸುವುದು ಅನ್ನುವ ಅರ್ಥ ಬೇರೆ ಯಾವ ಪದದಲ್ಲೂ ಇಷ್ಟು ಗಟ್ಟಿಯಾಗಿಲ್ಲ. ಅಮೆರಿಕದ ಪರಂಪರೆ ರಕ್ಷಣೆಯ ರಾಷ್ಟ್ರೀಯ ಟ್ರಸ್ಟ್ 1977ರಲ್ಲಿ ಮೂರು ಸಣ್ಣ ಊರುಗಳಲ್ಲಿ ಶುರುಮಾಡಿದ, ಹಳೇ ಪೇಟೆಬೀದಿಗಳನ್ನು ಉಳಿಸಿ ಮೇಲೆತ್ತುವ ‘ಮೇನ್ ಸ್ಟ್ರೀಟ್’ ಕೆಲಸಕ್ಕೆ ಅದನ್ನೇ ಇಟ್ಟಿದ್ದೇನೆ. ಹಳೇ ಗಿರಣಿಯನ್ನು ಮನೆಗಳಾಗಿ ಮಾಡುವುದಕ್ಕೆ ಮಾತ್ರ ‘ಹಳೇ ಕಟ್ಟಡಕ್ಕೆ ಹೊಸ ಕೆಲಸ’ ಅಂತ ಸರಳವಾಗಿ ಬರೆದೆ.

‘ಕಳೆ’ ನನಗೆ ತುಂಬಾ ಇಷ್ಟ. ‘ಪೇಟೆಗೆ ಕಳೆ ಬಂತು’ ಅಂದರೆ ಹೇಳಬೇಕಾದದ್ದೆಲ್ಲ ಬಂತು. ಆದರೆ ತಲೆಬರಹದಲ್ಲಿ ‘ನಡುಪೇಟೆಗೆ ಕಳೆ’ ಅಂತ ಹಾಕಿದರೆ, ಓದುಗರು ಕುಡುಗೋಲು ಹುಡುಕಲು ಹೋದಾರು.

ಇನ್ನೊಂದು ಜೋಡಿ ಇದೆ: ‘ಬಿಕೋ’ ಮತ್ತು ‘ಗಿಜಿಗುಡು’. ಸತ್ತ ಡೌನ್‌ಟೌನಿಗೆ ಬಿಕೋ ಎನ್ನುತ್ತಿದೆ ಅನ್ನುವುದಕ್ಕಿಂತ ಸರಿಯಾದ ಮಾತಿಲ್ಲ. ಮೂಲದಲ್ಲಿ ಒಂದು ಕಡೆ, ಬರೀ ಕಚೇರಿಗಳಿರುವ ನಡುಪೇಟೆ ಹಗಲು ತುಂಬಿ ಸಂಜೆ ಖಾಲಿಯಾಗುವ ಮಾತು ಬರುತ್ತದೆ. ಒಂದೇ ಬೀದಿಯಲ್ಲಿ ಮನೆ, ಅಂಗಡಿ, ಕಚೇರಿ ಬೆರೆತಿದ್ದರೆ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಜನ ಓಡಾಡುತ್ತಾರೆ ಅಂತ ನಗರಗಳ ಬಗ್ಗೆ ಬರೆಯುತ್ತಿದ್ದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ವಾದಿಸಿದ್ದರು. ಆ ಖಾಲಿಯಾಗುವ ಮಾತನ್ನು “ಹಗಲು ಗಿಜಿಗುಡುತ್ತದೆ, ದೀಪ ಹಚ್ಚುವ ಹೊತ್ತಿಗೆ ಬಿಕೋ ಎನ್ನುತ್ತದೆ” ಅಂತ ಬರೆದಾಗ ಮೂಲಕ್ಕಿಂತ ಒಂದು ಗುಲಗಂಜಿ ಹೆಚ್ಚೇ ತೂಗಿತು. ತೊಂದರೆ ಒಂದೇ. ಇವೆರಡೂ ನಾಮಪದವಾಗಲು ಒಪ್ಪುವುದಿಲ್ಲ. ‘ಗಿಜಿಗುಡಿಕೆ ಯೋಜನೆ’ ಅಂತ ಯಾವ ಕಡತದ ಮೇಲೆ ಬರೆಯುತ್ತೀರಿ?

ದುಡ್ಡಿನ ಪದ ಒಂದಿದೆ, ಚುಟುಕಾಗಿ ಕೇಳಿಬಿಡುತ್ತೇನೆ. ಟ್ಯಾಕ್ಸ್ ಇನ್‌ಕ್ರಿಮೆಂಟ್ ಫೈನಾನ್ಸಿಂಗ್. 1952ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು. ಪೇಟೆ ಸುಧಾರಿಸಿದರೆ ಆಸ್ತಿಯ ಬೆಲೆ ಏರುತ್ತದೆ, ತೆರಿಗೆಯ ವಸೂಲಿಯೂ ಏರುತ್ತದೆ. ಹಾಗೆ ಏರುವ ಪಾಲನ್ನು ನಂಬಿ ಇವತ್ತೇ ಸಾಲ ಎತ್ತುವುದು. ‘ಹೆಚ್ಚುವರಿ ತೆರಿಗೆ’ ಅಂತ ಬರೆದರೆ ಮೇಲೊಂದು ತೆರಿಗೆ ಹಾಕಿದ ಹಾಗೆ, ‘ತೆರಿಗೆ ಏರಿಕೆ’ ಅಂದರೆ ದರ ಏರಿಸಿದ ಹಾಗೆ. ಎರಡೂ ತಪ್ಪು. ‘ನಾಳೆಯ ತೆರಿಗೆಯನ್ನು ಅಡವಿಟ್ಟು ತಂದ ಸಾಲ’ ಅಂತ ಬಿಡಿಸಿ ಬರೆದಿದ್ದೇನೆ. ಬ್ಯಾಂಕಿನಲ್ಲಿ ಕೆಲಸ ಮಾಡಿದವರು ಇದ್ದರೆ, ‘ಅಡವು’ ಇಲ್ಲಿ ಸರಿಯೇ ಹೇಳಿ.

ಕೊನೆಯದು ಜೆಂಟ್ರಿಫಿಕೇಶನ್. 1964ರಲ್ಲಿ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ ಲಂಡನ್ನಿನ ಬಗ್ಗೆ ಬರೆಯುವಾಗ ಕಟ್ಟಿದ ಪದ. ಕೂಲಿಯವರ ಬೀದಿಗೆ ಉಳ್ಳವರು ಒಬ್ಬೊಬ್ಬರಾಗಿ ಬಂದು, ಕೊನೆಗೆ ಹಳಬರು ಯಾರೂ ಉಳಿಯದಂತಾಗುವುದು. ಜೆಂಟ್ರಿ ಅಂದರೆ ಹಳ್ಳಿಯ ಜಮೀನ್ದಾರ ವರ್ಗ. ಪದದೊಳಗೇ ಒಂದು ಕುಟುಕಿದೆ. ಗೆಳೆಯರೊಬ್ಬರು ‘ಕುಲೀನೀಕರಣ’ ಅಂದರು. ಕುಟುಕು ಹೋಗಿ ಸನ್ಮಾನ ಪತ್ರದ ಹಾಗಾಯಿತು. ‘ಒಕ್ಕಲೆಬ್ಬಿಸುವುದು’ ಅಂದರೆ ಎಬ್ಬಿಸಿದ ಕೈ ಕಾಣಬೇಕು. ಇಲ್ಲಿ ಕೈ ಕಾಣುವುದಿಲ್ಲ, ಬಾಡಿಗೆ ಏರುತ್ತದೆ ಅಷ್ಟೇ. ‘ಗುಳೆ’ ಅಂದರೆ ಹೊಟ್ಟೆಪಾಡಿಗೆ ಹೊರಟವರು. ಇವರು ಹೊರಟದ್ದು ಊರು ಚೆನ್ನಾಗಿ ಆಯಿತು ಅಂತ. ಮತ್ತೆ ಅದೇ ವಿಭಕ್ತಿ: ಪೇಟೆಗೆ ಜೀವ ಬಂತು, ಪೇಟೆಯವರಿಗೆ ಬರಲಿಲ್ಲ.

ನನಗೆ ಬೇಕಾದದ್ದು ಎರಡು ಪದ. ರಿವೈಟಲೈಸೇಶನ್‌ಗೆ, ತಲೆಬರಹದಲ್ಲಿ ಕೂರುವಂಥ ಒಂದು ನಾಮಪದ. ‘ಮರುಜೀವ’ ಸಾಕೇ, ‘ಪುನಶ್ಚೇತನ’ಕ್ಕೇ ಶರಣಾಗಲೇ? ಇನ್ನೊಂದು, ಯಾರೂ ದೂಡದೆ, ಬಾಡಿಗೆ ಕಟ್ಟಲಾಗದೆ ಜನ ಜಾಗ ಬಿಡುವುದಕ್ಕೆ ನಿಮ್ಮ ಕಡೆಯ ಮಾತಿನಲ್ಲಿ ಏನಾದರೂ ಪದ ಇದೆಯೇ? ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಒಮ್ಮೆ ಕೇಳಿ. ಆ ಅಧ್ಯಾಯದ ತಲೆಬರಹದ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.