ಬೇಸಿಗೆ ಗದ್ದೆಬಯಲಿನ ಕಂದು ಹಕ್ಕಿಗಳು: ಗುರುತು ಹಿಡಿಯೋದು ಹೇಗೆ?

ಅಡಿಕೆಸೋಗೆ:
ಜಾಗ ತೀರ್ಥಹಳ್ಳಿ ಕಡೆ. ಕೊಯ್ಲಾದ ಗದ್ದೆ, ಮೇಲೆ ಬ್ಯಾಣ (ಹುಲ್ಲುಗಾವಲು), ಅದರಾಚೆ ಕಾನು (ದಟ್ಟ ಕಾಡು). ಗದ್ದೆಯಲ್ಲಿ ಓಡಾಡುವ ಗೀರುಗೀರಿನ ಕಂದು ಹಕ್ಕಿಗಳೆಲ್ಲ ಒಂದೇ ಥರ ಕಾಣ್ತವೆ. ಲಾರ್ಕ್ ಯಾವುದು, ಪಿಪಿಟ್ ಯಾವುದು? ಕಾನಿನಂಚಲ್ಲಂತೂ ದನಿ ಮಾತ್ರ, ಹಕ್ಕಿ ಕಾಣಲ್ಲ. ಬೈನಾಕ್ಯುಲರ್ 10×50 (ಹತ್ತು ಪಟ್ಟು ದೊಡ್ಡದಾಗಿ ತೋರಿಸುತ್ತೆ, ಮುಂದಿನ ಮಸೂರ 50 ಮಿ.ಮೀ.).

ಬ್ಯಾಣದಂಚು:
ಬಣ್ಣ ಬಿಡಿ, ಬಾಲ ನೋಡಿ. ಗದ್ದೆ ಪಿಪಿಟ್ ಸಪೂರ, ಉದ್ದ ಕಾಲು, ನಿಂತಲ್ಲೇ ಬಾಲ ಮೇಲೆ ಕೆಳಗೆ ಆಡಿಸುತ್ತೆ. ಹಾರುವಾಗ ಬಾಲದ ಅಂಚು ಬಿಳಿ. ಮಲಬಾರ್ ಲಾರ್ಕ್‌ಗೆ ಚೂಪು ಜುಟ್ಟು, ಮಡಚಿದ್ದರೂ ತುದಿ ಕಾಣುತ್ತೆ, ಬಾಲದಂಚಲ್ಲಿ ಬಿಳಿ ಇಲ್ಲ. ಗಿಡ್ಡ ಬಾಲ, ದಪ್ಪ ಕೊಕ್ಕು, ರೆಕ್ಕೆಯಲ್ಲಿ ಕೆಂಗಂದು ಇದ್ದು, ಸ್ವಲ್ಪ ಮೇಲೇರಿ ಹಾಡ್ತಾ ಕಾಲು ಇಳಿಬಿಟ್ಟು ತೇಲಿ ಇಳಿದರೆ ಜೆರ್ಡನ್ಸ್ ಬುಶ್‌ಲಾರ್ಕ್. ಇದು ಶಿವಮೊಗ್ಗದ ಪೂರ್ವದ ಒಣ ಬಯಲಿನ ಕಡೆ ಜಾಸ್ತಿ. ಮೇ ತಿಂಗಳು ಕಲಿಯೋಕೆ ಒಳ್ಳೇದು, ಚಳಿಗಾಲಕ್ಕೆ ಬಂದ ವಲಸೆ ಪಿಪಿಟ್‌ಗಳು ಅಷ್ಟರಲ್ಲಿ ಹೊರಟಿರುತ್ತವೆ.

ಕುಟ್ರುಹಕ್ಕಿ:
ಕಾನಿನಂಚಲ್ಲಿ ನಡೀಬೇಡಿ, ಕೂರಿ. ಬೆಳಿಗ್ಗೆ ಕಾನು ನಿಮ್ಮ ಪಶ್ಚಿಮಕ್ಕಿರಲಿ: ಬಿಸಿಲು ನಿಮ್ಮ ಬೆನ್ನಿಗೆ, ಅಂಚಿನ ಮರಗಳ ಮುಖಕ್ಕೆ. ಬೆಚ್ಚಗಾದ ಎಲೆಯಿಂದ ಹುಳ ಏಳುತ್ತವೆ, ಹುಳಕ್ಕೆ ಹಕ್ಕಿ ಹೊರಗೆ ಬರುತ್ತೆ. 6ರಿಂದ 8:30 ಸಾಕು. ಹಣ್ಣು ಬಿಟ್ಟ ಅತ್ತಿ, ಬಸರಿ ಸಿಕ್ಕರೆ ಆ ಬೆಳಿಗ್ಗೆ ಬೇರೆಲ್ಲೂ ಹೋಗೋದು ಬೇಡ.

10×50 ಕೈಯಲ್ಲಿ ನಡುಗುತ್ತೆ, ಬಯಲಿನ ಬಿಸಿಗಾಳಿಯ ಅಲೆಯನ್ನೂ ದೊಡ್ಡದು ಮಾಡುತ್ತೆ. 8×42 ಮೇಲು. ಬೆಳಕಲ್ಲಿ ನಷ್ಟವಿಲ್ಲ: ನಿಮ್ಮದರಲ್ಲಿ ಕಣ್ಣಿಗೆ ಬರುವ ಬೆಳಕಿನ ವೃತ್ತ 5 ಮಿ.ಮೀ., ಅದರಲ್ಲಿ 5.25. ಮೊಬೈಲಲ್ಲಿ ಕೂಗು ಹಾಕಿ ಕರೆಯೋದು ಮಾತ್ರ ಬೇಡ, ಇದು ಗೂಡಿನ ಕಾಲ.

ದರೆಗುಂಡಿ:
ಕೂರಿ ಅಂದ್ರಲ್ಲ, ತರಗೆಲೆ ಮೇಲೆ ಅಲ್ಲ ಮಾರಾಯ್ರೇ! ಮಂಗನ ಕಾಯಿಲೆ ಹರಡುವ ಉಣುಗಿನ (ಉಣ್ಣೆಯ) ಕಾಲ ಡಿಸೆಂಬರಿನಿಂದ ಮೇವರೆಗೆ, 1957ರಲ್ಲಿ ಅದು ಪತ್ತೆಯಾದದ್ದೇ ಸೊರಬದ ಕ್ಯಾಸನೂರಲ್ಲಿ. ಮರಿ ಉಣುಗು ಸಾಸಿವೆಗಿಂತ ಸಣ್ಣದು, ಕಣ್ಣಿಗೆ ಬೀಳಲ್ಲ. ಮಡಚುವ ಸ್ಟೂಲ್ ತನ್ನಿ, ಪ್ಯಾಂಟಿನ ತುದಿ ಸಾಕ್ಸ್ ಒಳಗಿರಲಿ, ಉಣುಗು ಹತ್ತದ ಹಾಗೆ ತಡೆಯುವ ಡೆಪಾ ಎಣ್ಣೆ ಹಚ್ಚಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಅಡಿಕೆಸೋಗೆ:
ಸರಿ. ಇನ್ನೊಂದು: ಗದ್ದೆಗೆ ಇಳಿದ ಕೂಡಲೇ ಟಿಟ್ಟಿಭ ತಲೆ ಮೇಲೇ ಸುತ್ತಿ ಕಿರುಚುತ್ತೆ, ಉಳಿದ ಹಕ್ಕಿಗಳೂ ಹಾರಿಹೋಗ್ತವೆ.

ಬ್ಯಾಣದಂಚು:
ಹೆಂಟೆಗಳ ನಡುವೆ ಮೊಟ್ಟೆ ಇರುತ್ತೆ, ಸಾಮಾನ್ಯವಾಗಿ ನಾಲ್ಕು, ಮಣ್ಣಿನದೇ ಬಣ್ಣ. ಹುಡುಕೋಕೆ ಹೋದರೆ ತುಳಿಯೋದೇ. ಬಿಸಿಲೇರಿದ ಮೇಲೆ ತಾಯಿ ಎದ್ದರೆ ಮೊಟ್ಟೆ ಬೇಯುತ್ತೆ. ಹೊಟ್ಟೆಯ ಗರಿ ನೀರಲ್ಲಿ ನೆನೆಸಿಕೊಂಡು ಬಂದು ತಂಪು ಮಾಡುವ ಹಕ್ಕಿ ಅದು. ಬಂದ ದಾರಿಯಲ್ಲೇ ಹಿಂದೆ ಸರೀರಿ, ಕೂಗು ನಿಂತ ಜಾಗದಿಂದ ನೋಡಿ.