ಬಿಸಿನೀರು ಕೇಳದ ಗಾಯಕಿ

"ಬೊಕಾರೋ ಅಂದರೆ ಸ್ಟೀಲ್ ಕಾರ್ಖಾನೆ ಅಲ್ವೇನಮ್ಮ?" ಎಂದ ಶೀನಿ.

ನಿಧಿ ಹಣೆ ಚಚ್ಚಿಕೊಂಡಳು. "ಅಪ್ಪಾ, ಅದು ಜಾರ್ಖಂಡಿನದು. ಇದು ವೊಕಲಾಯ್ಡ್. ಜಪಾನಿನವರ ಬಾಯಲ್ಲಿ ಬೊಕಾರೊ. ವ ಬದಲು ಬ ಅಂತಾರೆ, ಲ ಬದಲು ರ ಅಂತಾರೆ. ಬಾಲ ಉದ್ದ ಆಯ್ತು ಅಂತ ಕತ್ತರಿಸಿ ಎಸೀತಾರೆ."

ನನಗೆ ತಟ್ಟನೆ ಅರ್ಥವಾಯಿತು. ಹನ್ನೊಂದು ವರ್ಷದಿಂದ ಇಲ್ಲಿನ ಆಫೀಸಿನಲ್ಲಿ ನನ್ನನ್ನು ಬಾರು ಸಾನ್ ಎನ್ನುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬಾಲು. ಟೋಕಿಯೋಗೆ ಬಂದು ಚಪ್ಪಲಿಗೆ ಕಟ್ಟುವ ವಸ್ತುವಾಗಿದ್ದೇನೆ.

ಜೂನ್ ತಿಂಗಳು. ಇಲ್ಲಿನ ಮಳೆಗಾಲ, ತ್ಸುಯು. ಹೊರಗೆ ಜಿಟಿಜಿಟಿ. ನಿಶಿ ಕಸಾಯ್‌ನ ಶೀನಿ ಮನೆಯಲ್ಲಿ ಫಿಲ್ಟರ್ ಕಾಫಿ, ಖಾರದ ಅವಲಕ್ಕಿ, ನಾವು. ನಿಧಿಗೆ ಈಗ ಹತ್ತೊಂಬತ್ತು. ಕಾಲೇಜಿನ ಗೆಳತಿಯರೊಂದಿಗೆ ಸೇರಿ "ನಮ್ಮ ವಯಸ್ಸಿನವರು ಕೇಳಲೇಬೇಕಾದ ಬೊಕಾರೊ ಹಾಡುಗಳು" ಎಂದು ಪಟ್ಟಿ ಮಾಡಿದ್ದಾಳೆ. ಈ ಪಟ್ಟಿಗಳ ಮೇಲೆ ನನಗೆ ಮೊದಲೇ ಸಿಟ್ಟು. ನಮ್ಮ ಕಾಲದಲ್ಲಿ ಯಾವ ಹಾಡು ಕೇಳಬೇಕು ಅಂತ ಪಕ್ಕದ ಮನೆ ರೇಡಿಯೋ ತೀರ್ಮಾನಿಸುತ್ತಿತ್ತು.

"ಹಾಡೋಳು ಯಾರು?" ಎಂದು ಕೇಳಿದ ಗೋಪಿ. ಸಂಗೀತದ ವಿಷಯ ಬಂದರೆ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

"ಹತ್ಸುನೆ ಮಿಕು. ವಯಸ್ಸು 16, ಎತ್ತರ 158 ಸೆಂಟಿಮೀಟರ್, ತೂಕ 42 ಕಿಲೋ."

"ಒಳ್ಳೆ ಸಂಬಂಧ ಬಂದ ಹಾಗೆ ಹೇಳ್ತಿದೀಯಲ್ಲೇ," ಎಂದಳು ಪಮ್ಮಿ ಒಳಗಿನಿಂದ.

"ಹುಡುಗಿ ಇಲ್ಲ ಅಮ್ಮ. ಅದು ಸಾಫ್ಟ್‌ವೇರ್. ಹಾಡೋ ಸಾಫ್ಟ್‌ವೇರಿಗೇ ವೊಕಲಾಯ್ಡ್ ಅನ್ನೋದು. 2007ರ ಆಗಸ್ಟ್ 31ಕ್ಕೆ ಸಪ್ಪೊರೊದ ಒಂದು ಕಂಪನಿ ಹೊರಗೆ ತಂತು. ಒಳಗಿನ ತಂತ್ರಜ್ಞಾನ ಯಮಹಾದು."

"ನನ್ನ ಆರ್‌ಎಕ್ಸ್ ಹಂಡ್ರೆಡ್ ಯಮಹಾನಾ?" ಶೀನಿಯ ಮುಖ ಅರಳಿತು.

"ಇದು ಪಿಯಾನೋ ಯಮಹಾ ಅಪ್ಪ. ಬೈಕಿನವರು 1955ರಲ್ಲೇ ಬೇರೆ ಆದರು."

"ಅಣ್ಣತಮ್ಮಂದಿರ ಪಾಲು ಅನ್ನು," ಎಂದೆ ನಾನು. "ಒಬ್ಬನಿಗೆ ಗಂಟಲು ಬಂತು, ಇನ್ನೊಬ್ಬನಿಗೆ ಸೈಲೆನ್ಸರ್ ಬಂತು."

"ಗಂಟಲೂ ಇಲ್ಲ ಅಂಕಲ್. ಅದೇ ವಿಶೇಷ."

ಅಲ್ಲಿಗೆ ನನಗೆ ದಾರಿ ಸಿಕ್ಕಿತು. ಗಂಟಲಿಲ್ಲದವಳು ಗಾಯಕಿ ಹೇಗಾಗುತ್ತಾಳೆ? ನಾನು ಕಂಡ ಗಾಯಕರೆಲ್ಲ ಮೊದಲು ಗಂಟಲು, ಆಮೇಲೆ ಮನುಷ್ಯರು. ರಾಜ್ಯೋತ್ಸವಕ್ಕೆ ಕರೆಸಿದರೆ ವಿಮಾನದಿಂದ ಇಳಿಯುತ್ತಲೇ ಬಿಸಿನೀರು ಕೇಳುತ್ತಾರೆ. ಮೊಸರು ಬೇಡ, ಏಸಿ ಬೇಡ, ಕಿವಿಗೆ ಮಫ್ಲರ್ ಬೇಕು. ವೇದಿಕೆ ಹತ್ತಿದವರೇ "ಸ್ವಲ್ಪ ಗಂಟಲು ಸರಿಯಿಲ್ಲ, ಕ್ಷಮೆ ಇರಲಿ" ಅಂತಾರೆ. ಆ ಕ್ಷಮೆಯೇ ಅರ್ಧ ಕಚೇರಿ. ನಮ್ಮ ಗೋಪಿಯನ್ನೇ ನೋಡಿ. ಜೇಬಿನಲ್ಲಿ ಸದಾ ಕಲ್ಲುಸಕ್ಕರೆ, ಲವಂಗದ ಡಬ್ಬಿ. ಇಪ್ಪತ್ತು ವರ್ಷದ ಸ್ನೇಹದಲ್ಲಿ ಒಂದು ಹರಳು ಯಾರಿಗೂ ಕೊಟ್ಟವನಲ್ಲ. ಊರಿನ ಹೆಸರಲ್ಲೇ ಕಷಾಯ ಇದೆ ಅಂತ ನಿಶಿ ಕಸಾಯ್‌ನಲ್ಲಿ ಮನೆ ಮಾಡಿದ ಆಸಾಮಿ.

"ಇವಳು ಬಿಸಿನೀರು ಕೇಳೋದೇ ಇಲ್ವಾ?" ಎಂದೆ.

"ಕೇಳಲ್ಲ."

"ಕಾರ್ಯಕ್ರಮ ಮುಗಿದ ಮೇಲೆ ಶಾಲು?"

"ಪಾರದರ್ಶಕ ಪರದೆ ಮೇಲೆ ಬರೋ ಬೆಳಕು ಅಂಕಲ್. ಶಾಲು ಹೊದಿಸಿದರೆ ನೆಲಕ್ಕೆ ಬೀಳುತ್ತೆ."

"ಮೈಸೂರು ಪೇಟ?"

"ಅದೂ ಬೀಳುತ್ತೆ."

"ಅಧ್ಯಕ್ಷರ ಕೈಯಲ್ಲಿ ಹಾರ ಉಳಿದುಬಿಡುತ್ತೆ. ಅವರು ಅದನ್ನು ತಮ್ಮ ಕೊರಳಿಗೇ ಹಾಕಿಕೊಳ್ತಾರೆ. ಕೆಲವು ಅಧ್ಯಕ್ಷರಿಗೆ ಇದು ಒಳ್ಳೇದೇ."

ಪಕ್ಕದಲ್ಲಿ ಗಿಟಾರ್, ಡ್ರಮ್ಸ್ ಬಾರಿಸುವವರು ಮಾತ್ರ ನಿಜವಾದ ಮನುಷ್ಯರಂತೆ. ಬೆವರು ಸುರಿಸುವುದು ಅವರು, ಚಪ್ಪಾಳೆ ಅವಳಿಗೆ. ಇದೇನು ಹೊಸದಲ್ಲ, ನಮ್ಮ ಪಕ್ಕವಾದ್ಯದವರನ್ನು ಕೇಳಿ. 2024ರಲ್ಲಿ ಅಮೆರಿಕದ ಕೋಚೆಲ್ಲಾ ಉತ್ಸವದಲ್ಲಿ ಪಾರದರ್ಶಕ ಪರದೆ ಇಲ್ಲದೆ ಮಾಮೂಲಿ ಎಲ್‌ಇಡಿ ಪರದೆಯಲ್ಲಿ ತೋರಿಸಿದರಂತೆ. ಅಭಿಮಾನಿಗಳು ಸಿಟ್ಟಾದರಂತೆ.

"ಅಂದರೆ ಇಲ್ಲದ ಹುಡುಗಿ ಸರಿಯಾಗಿ ಬರಲಿಲ್ಲ ಅಂತ ಗಲಾಟೆ," ಎಂದೆ. ನಿಧಿಗೂ ನಗು ಬಂತು, ತಡೆದುಕೊಂಡಳು.

ಗೋಪಿಗೆ ಇನ್ನು ತಡೆಯಲಾಗಲಿಲ್ಲ. "ಸ್ವರ ಎಲ್ಲಿಂದ ಬಂತು? ಶೂನ್ಯದಿಂದಲಾ?"

ಇಲ್ಲ. ಫುಜಿತಾ ಸಾಕಿ ಎಂಬ ಕಂಠದಾನ ಕಲಾವಿದೆ ಸ್ಟುಡಿಯೋದಲ್ಲಿ ಕೂತು ಅರ್ಥವೇ ಇಲ್ಲದ ಅಕ್ಷರಗಳ ಸಾಲುಗಳನ್ನು ಓದಿದರಂತೆ. ಅದನ್ನು ತುಂಡು ಮಾಡಿ ಸಾಫ್ಟ್‌ವೇರಿಗೆ ತುಂಬಿದರು. ನಾವು ಸ್ವರಕ್ಕೊಂದು ಪಟ್ಟಿ ಎಳೆದು ಅದರ ಮೇಲೆ ಅಕ್ಷರ ಟೈಪ್ ಮಾಡಿದರೆ ಅದು ಹೆಣೆದು ಹಾಡುತ್ತದೆ.

"ಕಾಗುಣಿತ!" ಎಂದು ಕೂಗಿದೆ. "ನಾವು ಎರಡನೇ ಕ್ಲಾಸಿನಲ್ಲಿ ಇಡೀ ವರ್ಷ ಕ ಕಾ ಕಿ ಕೀ ಅರಚಿದೆವು. ನಮ್ಮಿಂದ ಯಾರೂ ಒಬ್ಬ ಗಾಯಕಿಯನ್ನು ಮಾಡಲಿಲ್ಲ. ಬೆತ್ತ ಮಾತ್ರ ಮುರಿಯಿತು."

"ಕಾಗುಣಿತ ಸರಿ. ಗಮಕ?" ಗೋಪಿ ಬಿಡಲಿಲ್ಲ.

"ಮೌಸಿನಲ್ಲಿ ಗೆರೆ ಎಳೆದು ಸ್ವರ ಬಾಗಿಸಬಹುದು ಅಂಕಲ್. ಹಾಗೆ ತಿದ್ದೋದಕ್ಕೆ ಇಲ್ಲಿ ಚೋಕ್ಯೋ ಅಂತಿದ್ದರು. ಕುದುರೆ ಪಳಗಿಸೋದಕ್ಕೆ ಹೇಳೋ ಮಾತು."

"ಕೈಯಲ್ಲಿ ಗೆರೆ ಎಳೆದರೆ ಗಮಕ ಬರುತ್ತಾ?" ಗೋಪಿ ನಕ್ಕ.

"ನೀನು ಹಾಡುವಾಗ ಅದನ್ನೇ ಅಲ್ವಾ ಮಾಡೋದು? ಕೈ ಗಾಳಿಯಲ್ಲಿ ಭೈರವಿ ಬರೆಯುತ್ತೆ. ಗಂಟಲು ಮನೆಯಲ್ಲೇ ಇರುತ್ತೆ."

ಗೋಪಿ ಲವಂಗ ಬಾಯಿಗೆ ಹಾಕಿಕೊಂಡ. ಎಂದಿನಂತೆ ಒಂದೇ.

ನಿಧಿ ಪಟ್ಟಿಯಿಂದ ಒಂದು ಹಾಡು ಹಾಕಿದಳು. ನಿಮಿಷಕ್ಕೆ 240 ಬಡಿತ. ಮೊದಲು ಕುಕ್ಕರ್ ವಿಷಲ್ ಅಂದುಕೊಂಡೆ. ಪಮ್ಮಿ ನಿಜವಾಗಿಯೂ ಎದ್ದು ಹೋಗಿ ಒಲೆ ನೋಡಿ ಬಂದಳು. ಸಾಫ್ಟ್‌ವೇರ್ ಹುಡುಗಿ ತಾನು ಅಳಿಸಿ ಹೋಗುವ ಬಗ್ಗೆ ಹಾಡುವ ಹಾಡಂತೆ. ಎಲ್ಲೂ ಉಸಿರು ಎಳೆಯುವುದಿಲ್ಲ. ಕೇಳುತ್ತಾ ಕೇಳುತ್ತಾ ನನಗೇ ಏದುಸಿರು ಬಂತು.

ಅದಕ್ಕಿಂತ ವಿಚಿತ್ರ ಮುಂದಿನದು. ಮನುಷ್ಯರ ಕೈಲಾಗದ್ದು ಅಂತ ಯಂತ್ರದ ಹತ್ತಿರ ಹಾಡಿಸಿದರೆ, ಮನುಷ್ಯರು ಹಟ ಹಿಡಿದು ಅದನ್ನೂ ಕಲಿತರಂತೆ. ಹಾಡಿ ಹಾಡಿ ಅಂತರ್ಜಾಲಕ್ಕೆ ಹಾಕಿದರು. ಅದಕ್ಕೆ ಹೆಸರೇ "ಉತಾತ್ತೆಮಿತಾ". ಪದಕ್ಕೆ ಪದ ಕನ್ನಡವೇ: ಹಾಡಿ ನೋಡಿದೆ. ಹಾಗೆ ಹಾಡಿ ನೋಡುತ್ತಿದ್ದ ಹುಡುಗಿಯರಲ್ಲಿ ಒಬ್ಬಳು ಈಗಿನ ಹೆಸರಾಂತ ಗಾಯಕಿ ಆಡೊ. ಹಾಚಿ ಎಂಬ ಹೆಸರಲ್ಲಿ ಮಿಕುಗೆ ಹಾಡು ಕಟ್ಟುತ್ತಿದ್ದ ಹುಡುಗನೇ ಈಗಿನ ಗಾಯಕ ಯೊನೆಜು ಕೆನ್ಶಿ. 2018ರಲ್ಲಿ ಅವನ 'ಲೆಮನ್' ಹಾಡು ನಾನು ಹೋದ ಅಂಗಡಿಯಲ್ಲೆಲ್ಲ ಕೇಳುತ್ತಿತ್ತು. ನಾನೇ ಗುನುಗಿಕೊಂಡು ಮೂಲಂಗಿ ಕೊಂಡಿದ್ದೇನೆ. ಇದನ್ನು ಒಪ್ಪಿಕೊಳ್ಳಲಿಲ್ಲ, ಸುಮ್ನೆ ಕಾಫಿ ಕುಡಿದೆ.

"ಆದರೂ ನಿಮ್ಮ ವಯಸ್ಸಿಗೆ ಇದೇ ಯಾಕೆ?" ಎಂದೆ. "ನಿಜವಾದ ಗಂಟಲುಗಳಿಗೆ ಬರವಾ?"

ನಿಧಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ 'ರೋಲಿಂಗ್ ಗರ್ಲ್' ಹಾಕಿದಳು. 2010ರದು. ಒಬ್ಬಳು ಹುಡುಗಿ ಉರುಳುತ್ತಾಳೆ, ಬೀಳುತ್ತಾಳೆ, ಇನ್ನೊಂದು ಸಲ ಅಂತಾಳೆ. "ಇದನ್ನು ನಿಜವಾದವರು ಹಾಡಿದರೆ ಅದು ಅವರ ಅಳು ಅಂಕಲ್. ಇವಳು ಹಾಡಿದರೆ ಅಲ್ಲಿ ಯಾರೂ ಇಲ್ಲ. ನಾನು ಹೋಗಿ ಕೂತ್ಕೋಬಹುದು."

"ಬರೆದವರು?" ಎಂದಳು ಪಮ್ಮಿ.

"ವೊವಾಕ ಅಂತ. 2019ರಲ್ಲಿ ಹೋದರು. 31 ವರ್ಷ. ಮಿಕುಗೆ ಮಾತ್ರ ಇನ್ನೂ ಹದಿನಾರು."

ಹೊರಗೆ ಮಳೆ ಜಾಸ್ತಿಯಾಗಿತ್ತು.

"ಹಾಡು ಬರುತ್ತೆ, ಹಾಡೋರು ಸಿಗಲ್ಲ ಅನ್ನೋರಿಗೆ ಇವಳು ಸಿಕ್ಕಿದಳು ಅಷ್ಟೇ," ಎಂದಳು ನಿಧಿ. "ನಿಮಗದು ಗೊತ್ತಾಗಲ್ಲ ಬಿಡಿ."

"ಅವನಿಗೆ ಗೊತ್ತಾಗದೇ ಇರುತ್ತಾ?" ಎಂದ ಶೀನಿ. ಕಾಲೇಜಿನಿಂದ ಜೊತೆಗಿರುವ ಸ್ನೇಹಿತರ ತೊಂದರೆಯೇ ಇದು. "ಕೇಳಮ್ಮ. 1996ರ ಕಾಲೇಜ್ ಡೇಗೆ ಇವನೊಂದು ಹಾಡು ಬರೆದು, ಹಾರ್ಮೋನಿಯಂ ಮೇಲೆ ರಾಗ ಹಾಕಿದ್ದ. ಹಾಡಬೇಕಿದ್ದ ಹುಡುಗಿಗೆ ಹಿಂದಿನ ದಿನ ಗಂಟಲು ಕಟ್ಟಿತು. ಇವನು ಹಾಸ್ಟೆಲ್ ಅಡುಗೆ ಭಟ್ಟರ ಕಾಲು ಹಿಡಿದು ಶುಂಠಿ ಕಷಾಯ ಮಾಡಿಸಿ, ಫ್ಲಾಸ್ಕಿನಲ್ಲಿ ತುಂಬಿ, ಮಳೆಯಲ್ಲಿ ಸೈಕಲ್ ತುಳಿದು ಅವಳ ಮನೆಗೆ ಹೋದ. ಫ್ಲಾಸ್ಕ್ ಅವರಪ್ಪ ಇಸಕೊಂಡರು."

"ಕುಡಿದಳಾ?" ಪಮ್ಮಿ ಬಾಗಿಲಿಗೆ ಬಂದು ನಿಂತಳು.

"ಅವರಪ್ಪ ಕುಡಿದಿರಬೇಕು," ಎಂದೆ. "ಮಾರನೇ ದಿನ ಅವರ ಧ್ವನಿ ಚೆನ್ನಾಗಿತ್ತು."

"ಸಾಲು ಹೇಳಿ ಅಂಕಲ್," ಎಂದಳು ನಿಧಿ. ಲ್ಯಾಪ್‌ಟಾಪ್ ಆಗಲೇ ತೆರೆದಿದ್ದಳು.

ಬೇಡ ಅಂದೆ. ಎರಡು ಸಲ ಅಂದೆ. ಮೂರನೇ ಸಲ ಅನ್ನುವ ಮೊದಲು ಹೇಳಿಬಿಟ್ಟೆ. "ಮಳೆ ಮಳೆ, ಅವಳ ಮನೆ ಕಡೆ ಸುರಿ ಮಳೆ." ರಾಗ ಗುನುಗಿದೆ. ಅವಳು ಪಟ್ಟಿ ಎಳೆದಳು, ಒಂದೊಂದೇ ಅಕ್ಷರ ಕೂರಿಸಿದಳು. ಗೋಪಿ ಪಕ್ಕದಲ್ಲಿ ಕೂತು "ಆ ಮಧ್ಯಮ ಇನ್ನೂ ಸ್ವಲ್ಪ ಮೇಲೆ ಎಳಿಯಮ್ಮ" ಎನ್ನುತ್ತಿದ್ದ. ಕುದುರೆ ಪಳಗಿಸಲು ಅವನೂ ಇಳಿದಿದ್ದ.

ಮಿಕು ಹಾಡಿದಳು.

"ಮರೆ ಮರೆ, ಅವರ ಮನೆ ಕಡೆ ಸುರಿ ಮರೆ."

ಶೀನಿ ಬಿದ್ದು ಬಿದ್ದು ನಕ್ಕ. "ಏನೋ ಇದು? ಮರೆ ಮರೆ ಅಂತಾಳೆ! ಅವಳ ಹೋಗಿ ಅವರ ಆಯ್ತು!"

"ಜಪಾನಿ ಕಂಠ ಅಲ್ವಾ, ಳ ಇಲ್ಲ," ಎಂದಳು ನಿಧಿ ಪೆಚ್ಚಾಗಿ.

"ಅವರೇ ಸರಿ ಬಿಡಮ್ಮ. ಅವರಿಗೀಗ ನಿನ್ನಷ್ಟು ದೊಡ್ಡ ಮಗ ಇದಾನೆ," ಎಂದೆ.

ಅವಳು ಇನ್ನೊಂದು ಸಲ ಹಾಕಿದಳು. ಈ ಸಲ ಯಾರೂ ನಗಲಿಲ್ಲ. ಹೇಗಿದೆ ಅಂಕಲ್ ಎಂದು ನನ್ನ ಕಡೆ ನೋಡಿದಳು. ಏನೋ ಹೇಳಹೊರಟೆ, ಗಂಟಲು ಕಟ್ಟಿತ್ತು.

ಪಮ್ಮಿ ಬಿಸಿನೀರು ತರಲು ಒಳಗೆ ಹೋದಳು. ಗೋಪಿ ಜೇಬಿಗೆ ಕೈ ಹಾಕಿ, ಆ ಕಡೆ ಈ ಕಡೆ ನೋಡಿ, ಡಬ್ಬಿಯನ್ನು ನನ್ನತ್ತ ತಳ್ಳಿದ.