ಪಾರ್ಶ್ವವಾಯು ಆದ ಹಿರಿಯರಿಗೆ ಆಕ್ಸಿಮೀಟರ್: ಯಾವ ಅಂಕಿ ನಂಬಬೇಕು?

ಪ್ರಶ್ನೆ (ಜಗಳೂರು): ಎಡಗೈ ಸ್ವಾಧೀನವಿಲ್ಲದ 74ರ ಅಜ್ಜಿಗೆ ಕೋವಿಡ್. ಆಕ್ಸಿಮೀಟರ್ (ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ಶೇಕಡಾ ಎಷ್ಟೆಂದು ತೋರಿಸುವ ಉಪಕರಣ) ಒಮ್ಮೆ 96, ಒಮ್ಮೆ 89 ತೋರಿಸುತ್ತೆ. ಆರು ನಿಮಿಷ ನಡೆಸಿ ಅಂಕಿ ಇಳಿಯುತ್ತಾ ನೋಡಿ ಅಂತಾರೆ, ಎದ್ದು ನಿಲ್ಲೋಕೇ ಆಗಲ್ಲ. ಏನು ಮಾಡೋದು?

ಉತ್ತರ 1: ಸ್ವಾಧೀನವಿಲ್ಲದ ಕೈ ತಣ್ಣಗಿರುತ್ತೆ, ಬೆರಳು ಮಡಚಿರುತ್ತೆ, ರಕ್ತದ ಓಟ ಕಡಿಮೆ, ಅದಕ್ಕೇ ಅಂಕಿ ಕುಣಿಯೋದು. ಈಗಲೇ ಬಲಗೈ ಉಜ್ಜಿ ಬೆಚ್ಚಗೆ ಮಾಡಿ, ಉಗುರುಬಣ್ಣ ತೆಗೆದು, ಬೆರಳಿಗೆ ಹಾಕಿ 1 ನಿಮಿಷ ಅಲುಗಾಡದಂತೆ ಹಿಡಿಯಿರಿ. ಅಲ್ಲೂ 90ರ ಕೆಳಗಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಉಪಕರಣದ ನಾಡಿ ಮಣಿಕಟ್ಟಲ್ಲಿ ಎಣಿಸಿದ ನಾಡಿಗೆ ಹೊಂದದಿದ್ದರೆ ಆಕ್ಸಿಜನ್ ಅಂಕಿಯನ್ನೂ ನಂಬಬೇಡಿ. ನಡಿಗೆ ಪರೀಕ್ಷೆ ಬೇಡ. ಎದೆಯ ಏರಿಳಿತ ನೋಡುತ್ತಾ ಪೂರ್ತಿ 1 ನಿಮಿಷ ಉಸಿರು ಎಣಿಸಿ. ಅದು 24 ದಾಟಿದರೆ, ಇಲ್ಲವೇ ಆಕ್ಸಿಜನ್ ಅಂಕಿ 94ಕ್ಕಿಂತ ಇಳಿದರೆ ವೈದ್ಯರಿಗೆ ತೋರಿಸಿ.

ಉತ್ತರ 2: ಮೈಬಣ್ಣವೂ ಲೆಕ್ಕಕ್ಕೆ ಬರುತ್ತೆ. 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಉಪಕರಣ 92–96 ತೋರಿಸುವಾಗಲೂ ರಕ್ತಪರೀಕ್ಷೆಯಲ್ಲಿ ಆಕ್ಸಿಜನ್ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯರಿಗಿಂತ ಕಪ್ಪುಜನರಲ್ಲಿ ಸುಮಾರು 3 ಪಟ್ಟು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್, ಉಪಕರಣ ಬೆರಳಿಗೆ ಹಾಯಿಸುವ ಬೆಳಕು ಹೀರುತ್ತೆ. ನಮ್ಮ ಬಯಲುಸೀಮೆಯ ಕಪ್ಪು ಮೈಯ ಹಿರಿಯರಿಗೂ 95 ಬಂತೆಂದು ಸುಮ್ಮನಿರಬೇಡಿ. ನಿನ್ನೆಗಿಂತ 3–4 ಇಳಿದಿದ್ದರೆ, ಮಂಪರು ಕವಿದರೆ, ಅದೇ ಎಚ್ಚರಿಕೆ.

ಉತ್ತರ 3: ಗಂಜಿ ಮಲಗಿಸಿ ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತೆ. ಬೆನ್ನಿಗೆ ದಿಂಬಿಟ್ಟು ಕೂರಿಸಿ. 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ.